ಕರುವೇಲದ ಮರೆ

ತಮಿಳುನಾಡಿನ ಧರ್ಮಪುರಿ ಸೀಮೆಯ ನಮ್ಮೂರಲ್ಲಿ ಪಕ್ಕದ ಮನೆಯಾಕೆಯನ್ನು ಅತ್ತೆ ಎನ್ನುತ್ತಿದ್ದೆವು. ಯಾರು ಕರೆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ, "ಒಸಿ ತಾಳಪ್ಪ, ಬತ್ತೀನಿ" ಎನ್ನುವರು.

ಸೀಮೆ ಕರುವೇಲ, ಅಂದರೆ ಬಳ್ಳಾರಿ ಜಾಲಿ, ನೆಲದ ನೀರನ್ನೆಲ್ಲ ಹೀರುವ ಪರದೇಶಿ ಮರ, ಬೇರುಸಹಿತ ಕೀಳಬೇಕು ಎಂದು ಸರ್ಕಾರದ ಆದೇಶವಾಯಿತು. ಒಂದು ಬೆಳಿಗ್ಗೆ ಅಧಿಕಾರಿಯೊಬ್ಬರು ಜೆಸಿಬಿ ಸಮೇತ ಕೆರೆಯಂಗಳಕ್ಕೆ ಬಂದರು. ಊರಿನ ಹೆಂಗಸರಿಗೆ ಬಯಲುಕಡೆಗೆ ಹೋಗಲು ಇದ್ದ ಮರೆ ಅಲ್ಲಿನ ಕರುವೇಲದ ಪೊದೆ ಒಂದೇ.

ಅತ್ತೆ ಚೊಂಬು ಹಿಡಿದು ಅವರೆದುರೇ ಪೊದೆಯೊಳಗೆ ಹೋದರು. ಡ್ರೈವರ್ ಇಂಜಿನ್ ನಿಲ್ಲಿಸಿ ಮುಖ ತಿರುಗಿಸಿದ. ಹೊತ್ತೇರಿತು. ಬೇಗ ಬನ್ನಿ ಎಂದು ಅಧಿಕಾರಿ ತಮಿಳಿನಲ್ಲಿ ಕೂಗಿದರು. "ಒಸಿ ತಾಳಪ್ಪ" ಎಂದಿತು ಪೊದೆ. ಅಷ್ಟರಲ್ಲಿ ಇನ್ನೊಬ್ಬಾಕೆ ಚೊಂಬು ಹಿಡಿದು ಒಳಹೊಕ್ಕಳು, ಅವಳ ಹಿಂದೆ ಮತ್ತೊಬ್ಬಳು. ಮಧ್ಯಾಹ್ನಕ್ಕೆ ಅತ್ತೆ ಹೊರಬಂದು ಹೇಳಿದರು: "ಮರ ಕೆಟ್ಟದ್ದೇ ಸಾರ್, ನಮ್ಗೂ ಗೊತ್ತೈತೆ. ಮೊದ್ಲು ಕಕ್ಕಸು ಕಟ್ಸಿ, ಆಮೇಲೆ ಕೀಳಿ."

ಜೆಸಿಬಿ ಹಿಂದಿರುಗಿತು. ಮುಂದಿನ ಮಳೆಗಾಲದ ಹೊತ್ತಿಗೆ ಕಕ್ಕಸುಗಳಾದವು. ಅವಕ್ಕೆ ಬಾಗಿಲು ಕೂರಿಸಿದ ದಿನವೇ ಅತ್ತೆ ಮಚ್ಚು ತಂದು ಮೊದಲ ಕರುವೇಲವನ್ನು ತಾವೇ ಕಡಿದರು. ಅದೇ ಅಧಿಕಾರಿ ಬಂದು ಅವರಿಗೆ ಶಾಲು ಹೊದಿಸಿ, ಮೊದಲ ದಿನದಿಂದಲೂ ಈ ತಾಯಿ ನಮ್ಮ ಜೊತೆಗಿದ್ದರು ಎಂದು ಭಾಷಣ ಮಾಡಿದರು.

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. "ಔದು ಸಾರ್, ಪೊದೆ ಒಳ್ಗೇ ಇದ್ನಲ್ಲ."