ಲಾಂಡ್ರಿ ಗುಂಪಿನ ಮೌನವನ್ನು ಒತ್ತುವವರು

ಈ ವೃತ್ತಾಂತವನ್ನು ಮೊದಲು ಹೇಳಿದವರು ಗಾನತಟ್ಟೆಗಳನ್ನು, ಅಂದರೆ ಗ್ರಾಮಫೋನ್ ರೆಕಾರ್ಡುಗಳನ್ನು, ಒತ್ತುವ ಒಂದು ಕಾರ್ಖಾನೆಯ ಬಾಯ್ಲರ್ ಕಾಯುವ ಹಿರಿಯರು. ಕಳೆದ ಚಳಿಗಾಲದ ಒಂದು ಮುಂಜಾನೆ, ಆವಿಯ ಒತ್ತಡ ತೋರಿಸುವ ಮುಳ್ಳು ಮೇಲೇರುವುದನ್ನು ಕಾಯುತ್ತ ಕುಳಿತಿದ್ದಾಗ. ಆಮೇಲೆ ಇದನ್ನು ತಟ್ಟೆಯ ಅಂಚು ಕತ್ತರಿಸುವ ಮೇಜಿನವರಿಂದಲೂ, ಕಥೆ ಯಾರದೋ ಅವರಿಂದಲೂ ಕೇಳಿ ತಾಳೆ ನೋಡಲಾಗಿದೆ. ಮೂವರ ಮಾತು ಹೊಂದದಿರುವ ಕಡೆ ಹಾಗೆಂದೇ ಹೇಳಲಾಗುವುದು.

ಕಿಟಕಿಯ ಗಾಜಿಗೆ ಇನ್ನೂ ಬೆಳಕು ಹತ್ತಿಲ್ಲ. ಛಾವಣಿಯಡಿ ಹಾದುಹೋದ ಕೊಳವೆಗಳು ಒಂದೆರಡು ಸಲ ಕೆಮ್ಮಿ ಬಿಸಿಯಾಗುತ್ತವೆ. ಬಾಯ್ಲರ್ ಗೋಡೆಗೆ ಒತ್ತಿಕೊಂಡಂತಿರುವ ಯಂತ್ರದ ಮುಂದೆ ಕಾರ್ಖಾನೆಯವರೆಲ್ಲ ಬಿಸಿಯಕ್ಕ ಎಂದು ಕರೆಯುವ ಹೆಂಗಸು ಕೈಗವಸು ತೊಡುತ್ತಾರೆ. ಕರಿಯ ಪ್ಲಾಸ್ಟಿಕ್ಕಿನ ಕಾದ ಉಂಡೆಯೊಂದನ್ನು ಎರಡು ಕಾಗದದ ಬಿಲ್ಲೆಗಳ ನಡುವೆ ಸಿಕ್ಕಿಸಿ ಒಳಗಿಟ್ಟು ಸನ್ನೆಗೋಲು ಎಳೆಯುತ್ತಾರೆ. ಮೇಲಿನ ಲೋಹದ ಅಚ್ಚೂ ಕೆಳಗಿನದೂ ಕಚ್ಚಿಕೊಳ್ಳುತ್ತವೆ. ತಟ್ಟೆಯ ಎರಡು ಮುಖಗಳೂ ಒಂದೇ ಸಲಕ್ಕೆ ಮೂಡುತ್ತವೆ. ಎಷ್ಟು ಹೊತ್ತು ಒತ್ತಿ ಹಿಡಿಯಬೇಕೆಂದು ತಿಳಿಯಲು ಗೋಡೆಯ ಮೇಲೆ ಗಡಿಯಾರವಿದೆ. ಬಿಸಿಯಕ್ಕ ಅದರತ್ತ ನೋಡುವುದಿಲ್ಲ. ತುಟಿಯಲ್ಲೇ ಒಂದು ಚರಣ ಹೇಳಿಕೊಳ್ಳುತ್ತಾರೆ. ಚರಣ ಮುಗಿದು, ಅದರ ಕೊನೆಯ ಮೌನವೂ ಮುಗಿದ ಮೇಲೆ ಸನ್ನೆ ಬಿಡುತ್ತಾರೆ.

"ಗಡಿಯಾರಕ್ಕೇನು ಗೊತ್ತು, ಒಳಗಿರೋದು ಯಾರ ಹಾಡು ಅಂತ?" ಎನ್ನುತ್ತಾರೆ. ಮಾತು ಮುಗಿಸುವ ಮೊದಲೇ ಕಣ್ಣು ಕಿಟಕಿಯ ಪಕ್ಕದ ಯಂತ್ರದ ಕಡೆ ಓಡುತ್ತದೆ. "ದೊಡ್ಡಕ್ಕನ್ನ ನೋಡೋಕೆ ಬಂದಿದ್ದರೆ ಆ ಕಡೆ ಹೋಗಿ. ಪತ್ರಿಕೆಯವರೆಲ್ಲ ಅಲ್ಲಿಗೇ ಹೋಗೋದು. ಅಲ್ಲಿ ಬೆಳಕು ಚೆನ್ನಾಗಿದೆ, ಮುಖ ಚೆನ್ನಾಗಿ ಬರತ್ತೆ."

ದೊಡ್ಡಕ್ಕ ಎಂದರೆ ಬಿಸಿಯಕ್ಕನ ಓರಗಿತ್ತಿ; ಗಂಡನ ಅಣ್ಣನ ಹೆಂಡತಿ. ಇಬ್ಬರೂ ಸೊಸೆಯರಾಗಿ ಬಂದದ್ದು ಒಂದೇ ಮನೆಗೆ, ಕೆಲಸಕ್ಕೆ ಸೇರಿದ್ದು ಒಂದೇ ವಾರದಲ್ಲಿ. ಮನೆಯಲ್ಲಿ ಒಂದೇ ಅಡುಗೆಕೋಣೆ, ಅದರಲ್ಲಿ ಎರಡು ಒಲೆ; ಕಿಟಕಿಯ ಕಡೆಯದು ದೊಡ್ಡಕ್ಕನದು. ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಡುತ್ತಾರೆ, ಮಳೆ ಬಂದರೆ ಒಂದೇ ಕೊಡೆಯಡಿ ನಡೆಯುತ್ತಾರೆ. ಮಾತಾಡಿಕೊಂಡೇ ಬರುತ್ತಾರೆ ಎಂದು ಬಾಯ್ಲರ್‌ನವರು ಹೇಳಿದರು. ಅಂಚು ಕತ್ತರಿಸುವವರ ಪ್ರಕಾರ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಹಲ್ಲು ಕಡಿಯುತ್ತಾರೆ.

ಈ ಮತ್ಸರಕ್ಕೆ ಸೀರೆ, ಒಡವೆ, ಅತ್ತೆಯ ಪಕ್ಷಪಾತ ಯಾವುದೂ ಕಾರಣವಲ್ಲ. ಕಾರಣ ಎರಡು ಹಿಪ್‌ಹಾಪ್ ಗುಂಪುಗಳು.

ಸುಮಾರು ಮೂವತ್ತು ವರ್ಷಗಳ ಹಿಂದೆ, ಉಳಿದ ರ‍್ಯಾಪ್ ಹಾಡುಗಾರರು ತಮ್ಮ ಕಾರು, ಕೊರಳ ಸರ, ಹಗೆಗಳನ್ನು ಹೊಗಳಿಕೊಳ್ಳುತ್ತಿದ್ದಾಗ, ಆ ಜಾತ್ರೆಯಿಂದ ದೂರ ನಿಂತು ಹಾಡಿದ ಗುಂಪುಗಳು ಇವು. ಮನೆಯ ತಾರಸಿಯ ಮೇಲೆ ಅಭ್ಯಾಸ ಮಾಡುತ್ತಿದ್ದ ಮೂವರು ತಾರಸಿ ಗುಂಪಿನವರು. ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಡುತ್ತಿದ್ದ ಇಬ್ಬರು ಗಂಡಸರು, ಒಬ್ಬಳು ಹೆಂಗಸು ಲಾಂಡ್ರಿ ಗುಂಪಿನವರು. ಎರಡೂ ಗುಂಪುಗಳ ಮೊದಲ ತಟ್ಟೆಗಳು ಈ ಕಾರ್ಖಾನೆಗೇ ಬಂದವು. ತಾರಸಿ ದೊಡ್ಡಕ್ಕನ ಯಂತ್ರಕ್ಕೆ ಬಿತ್ತು, ಲಾಂಡ್ರಿ ಬಿಸಿಯಕ್ಕನ ಯಂತ್ರಕ್ಕೆ. ಅಂದಿನಿಂದ ಅದಲುಬದಲಾಗಿಲ್ಲ.

ತಾರಸಿ ಗುಂಪಿನ ಹಾಡು ಕೇಳಿದವರಿಗೆ ಯಾರೋ ಪರಿಚಯದವರ ಮನೆಗೆ ಹೋದಂತಾಗುತ್ತದೆ. ಹಳೆಯ ತಟ್ಟೆಗಳಿಂದ ಎತ್ತಿಕೊಂಡ ದಪ್ಪ ತಂತಿಯ ನಾದ, ಆ ತಟ್ಟೆಗಳ ಚರಪರ ಸದ್ದೂ ಸೇರಿದಂತೆ, ಹಾಡಿನ ಕೆಳಗೆ ಸುತ್ತುತ್ತಲೇ ಇರುತ್ತದೆ. ಮೇಲೆ ಮೂವರ ಹರಟೆ: ಕೊಡೆ ಕದ್ದವರಾರು, ಬಸ್ಸು ತಪ್ಪಿಸಿಕೊಂಡವರಾರು, ಯಾರ ಹುಡುಗಿ ಯಾರನ್ನು ನೋಡಿ ನಕ್ಕಳು. ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಅಪ್ಪ ಕೇಳಿದ್ದನ್ನು ಈಗ ಮಗಳು ಕೇಳುತ್ತಾಳೆ. ಬೇಡಿಕೆ ಒಂದು ವರ್ಷವೂ ನಿಂತಿಲ್ಲ.

ಲಾಂಡ್ರಿ ಗುಂಪು ಒಳಗೆ ಕರೆಯುವುದಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತದೆ. ಒಂದು ಒಡಕು ನಗಾರಿ, ಒಂದು ಗಂಟಲು, ನಡುನಡುವೆ ಉದ್ದನೆಯ ಮೌನ. "ನಿನ್ನಂಗಿ ಒಗೆದೋಳು ನಾನು, ನಿನ್ನ ಬೆವರು ಗೊತ್ತು ನಂಗೆ, ಈಗ ಹೇಳು" ಎಂದು ಹಾಡುಗಾರ್ತಿ ಕೇಳಿ ಸುಮ್ಮನಾಗುತ್ತಾಳೆ. ನಗಾರಿಯೂ ಸುಮ್ಮನಾಗುತ್ತದೆ. ಉತ್ತರ ಕೊಡಬೇಕಾದವರು ಕೇಳುಗರೇ ಎಂದು ಅರಿವಾಗುವಷ್ಟು ಹೊತ್ತು ಆ ಮೌನ ಉಳಿಯುತ್ತದೆ. ಎರಡೇ ತಟ್ಟೆ ಮಾಡಿ ಗುಂಪು ಒಡೆಯಿತು. ಕೊಳ್ಳುವವರು ಕಡಿಮೆ; ಕೊಂಡವರು ಅದನ್ನು ಯಾರಿಗೂ ಎರವಲು ಕೊಡುವುದಿಲ್ಲ.

ಈ ವ್ಯತ್ಯಾಸ ಓರಗಿತ್ತಿಯರ ಕೈಗೂ ಇಳಿದಿದೆ. ದೊಡ್ಡಕ್ಕ ತಾರಸಿಯವರ ಚುರುಕಿನ ಚರಣವೊಂದನ್ನು ಗುನುಗಿ ಸನ್ನೆ ಬಿಡುತ್ತಾರೆ. ದಿನಕ್ಕೆ ಏಳುನೂರು ತಟ್ಟೆ. ಬೇಗ ತೆರೆದರೆ ಕರಗಿದ ಪ್ಲಾಸ್ಟಿಕ್ಕು ಅಚ್ಚಿನ ಗೀರುಗಳಲ್ಲಿ ಪೂರ್ತಿ ಇಳಿಯುವುದಿಲ್ಲ, ಸೂಜಿ ಓಡುವಾಗ ತುಸು ಚರಪರ ಎನ್ನುತ್ತದೆ. ಆದರೆ ತಾರಸಿಯವರ ಹಾಡಿನಲ್ಲೇ ಚರಪರವಿದೆ. ಇದು ಅದರೊಳಗೆ ಬೆರೆತುಹೋಗುತ್ತದೆ. ಲಾಂಡ್ರಿಯ ಮೌನದಲ್ಲಿ ಬೆರೆಯಲು ಏನೂ ಇಲ್ಲ. ಅದಕ್ಕೇ ಬಿಸಿಯಕ್ಕ ಇಡೀ ಚರಣವನ್ನು ಮೌನಸಮೇತ ಹೇಳಿಕೊಂಡು ಕಾಯುತ್ತಾರೆ. ಲಾಂಡ್ರಿ ಒತ್ತುವ ದಿನಗಳಲ್ಲಿ ಐನೂರು ದಾಟಿದ್ದು ಅಪರೂಪ.

"ಜಾಸ್ತಿ ಒತ್ತಿದ್ದಕ್ಕೆ ಅವಳಿಗೆ ಕಿಟಕಿ" ಎನ್ನುತ್ತಾರೆ ಬಿಸಿಯಕ್ಕ. "ಫೋಟೋ ತೆಗೆಯೋರು ಅವಳಿಗೆ. ನನಗೆ ಬೆನ್ನಿಗೆ ಬಾಯ್ಲರ್ರು. ನಾನು ಕುದಿಯೋದು ಸುಮ್ನೇನಾ?"

ಕಳೆದ ವರ್ಷ ಮಾಲೀಕರು ಒಂದು ಸುದ್ದಿ ತಂದರು. ಎರಡೂ ಗುಂಪುಗಳ ನೆನಪಿಗೆ ಒಂದು ಜಂಟಿ ತಟ್ಟೆ ಬರಲಿದೆ: ಒಂದು ಮುಖದಲ್ಲಿ ತಾರಸಿ, ಇನ್ನೊಂದರಲ್ಲಿ ಲಾಂಡ್ರಿ. ಅಂದರೆ ಎರಡು ಗುಂಪುಗಳ ಅಚ್ಚುಗಳೂ ಒಂದೇ ಯಂತ್ರದ ಮೇಲುದವಡೆ, ಕೆಳದವಡೆಗಳಾಗಬೇಕು. ಯಾರ ಯಂತ್ರ? ಬಿಸಿಯಕ್ಕ ಆ ವಾರವೆಲ್ಲ ತಮ್ಮ ಯಂತ್ರವನ್ನು ಎಣ್ಣೆ ಹಾಕಿ ಒರೆಸಿದರು. ಮಾಲೀಕರು ಕಿಟಕಿಯ ಪಕ್ಕದ್ದನ್ನು ತೋರಿಸಿದರು.

"ತಾರಸಿನ ನಾನು ಯಾವತ್ತೂ ಬೇಕು ಅಂದಿಲ್ಲ, ಇಟ್ಕೊಳ್ಳಲಿ" ಎಂದು ಬಿಸಿಯಕ್ಕ ಈಗಲೂ ಅದೇ ಬಿಸಿಯಲ್ಲಿ ಹೇಳುತ್ತಾರೆ. "ಆದರೆ ನನ್ನ ಲಾಂಡ್ರಿನ ಎತ್ಕೊಂಡು ಹೋಗಿ ಅವಳ ಯಂತ್ರಕ್ಕೆ ಕೂರಿಸಿದ್ರಲ್ಲ! ಹೆತ್ತ ಮಗೂನ ಓರಗಿತ್ತಿ ತೊಟ್ಟಿಲಿಗೆ ಹಾಕಿದ ಹಾಗೆ."

ಮಾದರಿ ಒತ್ತುವ ದಿನ ಅವರಿಗೆ ಕೊಟ್ಟ ಕೆಲಸ ಉಂಡೆ ಕಾಯಿಸಿ ಕೊಡುವುದು. ದೊಡ್ಡಕ್ಕ ಎಂದಿನಂತೆ ತಾರಸಿಯ ಚರಣ ಗುನುಗಿ ಸನ್ನೆ ಬಿಟ್ಟರು. ಬಿಸಿಯಕ್ಕ ಅಲ್ಲೇ ಬಾಯಿ ಬಿಟ್ಟರು. ಮೂವರೂ ಇದನ್ನು ಒಪ್ಪುತ್ತಾರೆ.

"ಬೇಗ ತೆಗೀತಿದೀಯ ಅಕ್ಕ. ಕೆಳಗಿನ ಮುಖ ಹಾಳಾಗತ್ತೆ."

"ಹೂಂ ಕಣೆ, ನಾನು ಮುಟ್ಟಿದ್ದೆಲ್ಲ ಹಾಳೇ. ಮೊನ್ನೆ ಸಾರು ಕೂಡ ಹಾಳಾಗಿತ್ತಲ್ಲ, ನೀನೇ ಎರಡು ಸಲ ಹಾಕಿಸ್ಕೊಂಡೆ."

"ಸಾರಿನ ಮಾತು ಬೇಡ. ಲಾಂಡ್ರಿಗೆ ಇಷ್ಟು ಸಾಲಲ್ಲ."

"ಹೊಟ್ಟೆ ಉರಿಗೆ ಮೊಸರು ಕುಡಿ, ಹೋಗು."

ಮಾಲೀಕರು ಪಕ್ಕದಲ್ಲೇ ಇದ್ದರು, ನಕ್ಕರು. ಬಿಸಿಯಕ್ಕ ಓರಗಿತ್ತಿಯ ಕೆಲಸದಲ್ಲಿ ಹುಳುಕು ಹುಡುಕುವುದನ್ನು ಮೂವತ್ತು ವರ್ಷಗಳಿಂದ ಕೇಳಿದ್ದ ಕಾರ್ಖಾನೆಯಲ್ಲಿ, ಆ ದಿನ ಅವರು ಹೇಳಿದ್ದು ನಿಜವೆಂದು ನಂಬಲು ಯಾರಿಗೂ ಕಾರಣವಿರಲಿಲ್ಲ.

ಮಾದರಿ ಕೇಳುವ ಕೋಣೆ ಚಿಕ್ಕದು: ಗೋಡೆಗೆ ಕಂಬಳಿ ಹೊಡೆದಿದೆ, ಎರಡು ಬೆಂಚು, ತಟ್ಟೆ ನುಡಿಸಲು ಒಂದು ತಿರುಗುಮಣೆ. ಲಾಂಡ್ರಿ ಗುಂಪಿನ ಹಾಡುಗಾರ್ತಿ ಬಂದಿದ್ದರು; ಈಗ ತಲೆ ನರೆತಿದೆ, ದನಿ ಅದೇ. ತಾರಸಿಯ ಮುಖ ಹಾಕಿದಾಗ ಎಲ್ಲರ ಪಾದಗಳೂ ತಾಳ ಹಾಕಿದವು. ತಟ್ಟೆ ಮಗುಚಿದರು. "ಈಗ ಹೇಳು" ಎಂದು ಮೂವತ್ತು ವರ್ಷದ ಹಿಂದಿನ ದನಿ ಕೇಳಿತು, ನಿಂತಿತು. ಆ ಮೌನದಲ್ಲಿ ಚಟಪಟ, ಚಟಪಟ.

"ನನ್ನ ಬಾಯಿ ಮುಚ್ಚಿದಾಗ ಒಗ್ಗರಣೆ ಹಾಕಿದ್ದು ಯಾರಪ್ಪ?" ಎಂದರು ಹಾಡುಗಾರ್ತಿ.

ದೊಡ್ಡಕ್ಕ ನೆಲ ನೋಡಿದರು. ಈ ಗಳಿಗೆಯಲ್ಲಿ ಬಿಸಿಯಕ್ಕ ನಕ್ಕರೆಂದು ಅಂಚು ಕತ್ತರಿಸುವವರು, ನಗಲಿಲ್ಲವೆಂದು ಬಾಯ್ಲರ್‌ನವರು. ಬಿಸಿಯಕ್ಕನನ್ನೇ ಕೇಳಿದರೆ, "ನಕ್ಕೆ. ಒಳಗೆ" ಎನ್ನುತ್ತಾರೆ.

ಅಚ್ಚುಗಳು ಬಾಯ್ಲರ್ ಗೋಡೆಯ ಯಂತ್ರಕ್ಕೆ ಬಂದವು. ಎರಡು ದಿನ ಬಿಸಿಯಕ್ಕನ ಸುಖಕ್ಕೆ ಎಣೆಯಿರಲಿಲ್ಲ. ಮೂರನೆಯ ದಿನ ಮಾಲೀಕರು ಇನ್ನೊಂದು ಜೊತೆ ಅಚ್ಚು ಹಿಡಿದು ಬಂದರು. ಬೇಡಿಕೆ ದೊಡ್ಡದು, ಈ ವೇಗದಲ್ಲಿ ಒಂದು ಯಂತ್ರ ಸಾಲದು. "ನಿಮ್ಮ ಚರಣ ನಿಮ್ಮ ಅಕ್ಕನಿಗೂ ಕಲಿಸಿ" ಎಂದರು.

ಕಲಿಸಲಾರೆ ಎಂದರೆ ಅರ್ಧ ಕೆಲಸ ಬೇರೆ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿ ಲಾಂಡ್ರಿಗೆ ಏನು ಗತಿಯೋ ಯಾರು ಬಲ್ಲರು. ಕಲಿಸಿದರೆ ಓರಗಿತ್ತಿಯ ಬಳಿ ಇಲ್ಲದಿದ್ದ ತಮ್ಮ ಒಂದೇ ಒಂದು ವಸ್ತುವೂ ಕಿಟಕಿಯ ಕಡೆ ಹೋಗುತ್ತದೆ. ಅಂದು ಸಂಜೆ ಮನೆಯಲ್ಲಿ ಎರಡು ಒಲೆಗಳೂ ಉರಿಯುತ್ತಿದ್ದವು. ಕೊನೆಗೆ ಬಿಸಿಯಕ್ಕ ಅನ್ನ ಬಸಿಯುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ, ಚರಣವನ್ನು ಗಟ್ಟಿಯಾಗಿ ಹೇಳಿದರು. ದೊಡ್ಡಕ್ಕ ಅದನ್ನೇ ಹೇಳಿದರು, ಮೌನದ ಅರ್ಧಕ್ಕೇ ಬಾಯಲ್ಲಿ ನಗಾರಿ ಬಡಿದರು.

"ಅಷ್ಟು ಬೇಗ ಯಾಕೆ? ಬಸ್ಸು ಹೋಗತ್ತಾ?" ಎಂದರು ಬಿಸಿಯಕ್ಕ.

"ಇಷ್ಟು ಹೊತ್ತು ಬಾಯಿ ಮುಚ್ಕೊಂಡಿರೋಕೆ ನನಗೆ ಬರಲ್ಲ ಕಣೆ."

"ಗೊತ್ತು. ಮೂವತ್ತು ವರ್ಷದಿಂದ ಗೊತ್ತು. ಇನ್ನೊಂದ್ಸಲ ಹೇಳು."

ವಾರದ ಕೊನೆಗೆ ಮತ್ತೆ ಕಂಬಳಿಯ ಕೋಣೆ ತುಂಬಿತು. ಒಂದೊಂದು ಯಂತ್ರದಿಂದ ಒಂದೊಂದು ತಟ್ಟೆ. ಯಾವುದು ಯಾರದೆಂದು ಮಾಲೀಕರು ಹೇಳಲಿಲ್ಲ. ಬಿಸಿಯಕ್ಕ ಬೆಂಚಿನ ತುದಿಯಲ್ಲಿ ಕೂತು, ಎರಡರಲ್ಲಿ ಒಂದಾದರೂ ಒಂದು ಸಲವಾದರೂ ಚಟ್ ಎನ್ನಲೆಂದು ಕಾದರು. ಹಾಗೆ ಬಯಸಿದ್ದನ್ನು ಅವರು ಮುಚ್ಚಿಡುವುದಿಲ್ಲ. ಮೊದಲ ತಟ್ಟೆಯಲ್ಲಿ ಮೌನ ಬಂತು, ಬಾಯ್ಲರ್‌ನವರ ಉಸಿರು ಕೇಳುವಷ್ಟು ಸ್ವಚ್ಛವಾಗಿ. ಎರಡನೆಯದರಲ್ಲೂ ಬಂತು. ಹಾಡುಗಾರ್ತಿ ಕಣ್ಣು ಮುಚ್ಚಿದ್ದವರು ತೆರೆಯಲಿಲ್ಲ.

"ಎರಡೂ ಒಂದೇ ಥರ ಇದೆಯಲ್ಲ!" ಎಂದರು ಮಾಲೀಕರು.

ದೊಡ್ಡಕ್ಕ ಮಾತಾಡಲು ಬಾಯಿ ತೆರೆದರು. ಬಿಸಿಯಕ್ಕ ಮೊದಲೇ ಎತ್ತಿಕೊಂಡರು:

"ಒಂದೇ ಥರ ಅಂದ್ರೆ ಯಾರ ಥರ, ಅದನ್ನೂ ಹೇಳಿ. ನನ್ನ ಥರ."

ಯಾರೂ ಅಲ್ಲಗಳೆಯಲಿಲ್ಲ, ದೊಡ್ಡಕ್ಕನೂ. ಮಾಲೀಕರು ಸೂಜಿ ಎತ್ತಿದರು. ಹಾಡುಗಾರ್ತಿ ಶಾಲು ಹೊದ್ದು ಎದ್ದರು, ಅಂಚು ಕತ್ತರಿಸುವವರು ಬೆಂಚನ್ನು ಗೋಡೆಗೆ ಸರಿಸಿದರು, ಬಾಯ್ಲರ್‌ನವರು ಬೆಂಕಿ ತಗ್ಗಿಸಲು ಹೋದರು. ಹೊರಗೆ ಹನಿ ಬೀಳುತ್ತಿತ್ತು. ಕೇಳಲು ಬಂದವರೆಲ್ಲ ತಮ್ಮ ತಮ್ಮ ಮನೆಯ ದಾರಿ ಹಿಡಿದರು. ಓರಗಿತ್ತಿಯರು ಕೊಡೆ ಯಾರು ಹಿಡಿಯಬೇಕೆಂದು ವಾದಿಸುತ್ತ ಬೀದಿಯ ತಿರುವು ದಾಟಿದರು.