ಹೂಂ ಅನ್ನದ ಊರು

ನನ್ನ ಹೊಟ್ಟೆ ಗುರುಗುಟ್ಟಿದ್ದು ಗಾಜಿನ ಆಚೆ ಕುಳಿತವನಿಗೆ ಕೇಳಿಸಿತು. ಮುಂಬಯಿಗೆ ಬಂದ ಎರಡನೇ ದಿನವದು. ಧ್ವನಿಮುದ್ರಣದ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ, ನೆಲಕ್ಕೆ ಜಮಖಾನೆ. ಬಾಗಿಲು ಹಾಕಿದರೆ ನಮ್ಮ ಉಸಿರೇ ನಮಗೆ ಹೆದರಿಕೆ. ಟೇಪಿನ ಯಂತ್ರ ನೋಡಿಕೊಳ್ಳುವ ಪಿಂಟೊ, "ನಾಷ್ಟಾ ಕರ್‌ಕೆ ಆವ್, ಮಾಸ್ಟರ್," ಎಂದು ನನ್ನನ್ನು ತಿಂಡಿಗೆ ಅಟ್ಟಿದ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಪಕ್ಕದ ಮನೆಯಲ್ಲಿ ನಲವತ್ತೆರಡು ವರ್ಷ ಬಾಳಿದವನು ನಾನು. ಅಲ್ಲಿ ಕೂಗದಿದ್ದರೆ ಹೆಂಡತಿಗೂ ಮಾತು ತಲುಪುವುದಿಲ್ಲ. ಇಲ್ಲಿ ಉಗುಳು ನುಂಗುವುದೂ ಗಲಾಟೆ.

ಬಳ್ಳಾರಿಯಲ್ಲಿ ಆಯಿಲ್ ಎಂಜಿನ್ ಮಾರುವವರ ಸಭೆಯೊಂದರಲ್ಲಿ ನಾನು ಮೈಕಿನಲ್ಲಿ ಮಾತನಾಡಿದ್ದನ್ನು ಕೇಳಿ ಎಂಜಿನ್ ಕಂಪನಿಯವರು ಕರೆಸಿಕೊಂಡಿದ್ದರು. ಕಾಲುವೆಯಿಂದ ಹೊಲಕ್ಕೆ ನೀರೆತ್ತುವ ಚಿತ್ರ ಒಂದೇ. ಅದಕ್ಕೆ ಹತ್ತಾರು ಭಾಷೆಗಳಲ್ಲಿ ಮಾತು ಕೂಡಿಸಬೇಕು. ಕನ್ನಡಕ್ಕೆ ನಾನೇ ದನಿ. ಉಳಿದ ಭಾಷೆಗಳವರು ಓದುವಾಗ ಪಕ್ಕದಲ್ಲಿ ಕುಳಿತು, ಪರದೆ ನೋಡುತ್ತ, ಮಾತು ಶುರುವಾಗಬೇಕಾದ ಹೊತ್ತಿಗೆ ಸರಿಯಾಗಿ ಅವರ ಹೆಗಲು ಮುಟ್ಟಬೇಕು. ಮೂರು ತಿಂಗಳ ಪರೀಕ್ಷೆ. ಗೆದ್ದರೆ ಕೆಲಸ ಕಾಯಂ, ಹೆಂಡತಿ ಗಿರಿಜಾ ಇಲ್ಲಿಗೆ ಬರುತ್ತಾಳೆ. ಸೋತರೆ? ಸಿರುಗುಪ್ಪದ ಹತ್ತಿರದ ಕರೂರಿನ ಶಾಲೆಯಲ್ಲಿ ನನ್ನ ಕುರ್ಚಿಗೆ ಆಗಲೇ ಬೇರೆ ಮೇಷ್ಟರು ಬಂದಿದ್ದರು. ಬೀಳ್ಕೊಡುಗೆಗೆ ಹೊದಿಸಿದ ಶಾಲನ್ನು ಯಾವ ಮುಖದಿಂದ ಹಿಂದಿರುಗಿಸಲಿ? ದಾದರಿನ ನನ್ನ ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ, ಹತ್ತಿಯಂಥ ಪಾವ್ ಜಗಿಯುತ್ತ ನಾನು ದಿನವೂ ಯೋಚಿಸುತ್ತಿದ್ದುದು ಆ ಶಾಲಿನ ಬಗ್ಗೆಯೇ.

ಮೂರನೇ ತಿಂಗಳು ಸ್ಪ್ಯಾನಿಷ್ ಬಂತು. ಎಂಜಿನ್ನುಗಳು ದಕ್ಷಿಣ ಅಮೆರಿಕಕ್ಕೆ ಹೋಗುವುದಿತ್ತು. ಮೊದಲು ಸ್ಪೇನ್ ದೇಶದ ಒಬ್ಬ ಪಾದ್ರಿ ಬಂದು ನೋಟೀಸು ಓದಿದಂತೆ ಓದಿ ಹೋದರು. ಕೊಳ್ಳುವವರ ಕಡೆಯವನು ಕೇಳಿ, "ನಮ್ಮ ರೈತರು ಇದು ಪ್ರವಚನ ಅಂದುಕೊಳ್ಳುತ್ತಾರೆ," ಎಂದುಬಿಟ್ಟ. ಆಮೇಲೆ ಅರ್ಜೆಂಟೀನಾದ ಹೆಂಗಸೊಬ್ಬರನ್ನು ಹುಡುಕಿ ತಂದರು. ಎಲ್ಲರೂ ಅವರನ್ನು 'ಸೆನ್ಯೋರಾ' ಅನ್ನುತ್ತಿದ್ದರು. ನಮ್ಮಲ್ಲಿ ಅಮ್ಮಾರು ಅಂದಂತೆ. ಪಾದ್ರಿ ಮಳೆಯನ್ನು 'ಯುವಿಯಾ' ಎಂದರೆ ಈಕೆಯದು 'ಶುವಿಯಾ'. ಐದಕ್ಕೆ ಅವರು ನಾಲಿಗೆ ಹಲ್ಲಿಗೆ ತಗುಲಿಸಿ 'ಥಿಂಕೊ', ಈಕೆ 'ಸಿಂಕೊ'. ಒಂದೇ ಭಾಷೆಗೆ ಇಷ್ಟು ಮುಖವೇ ಎಂದು ಆಫೀಸೆಲ್ಲ ಬೆರಗಾಯಿತು. ನನಗೇನೂ ಅನ್ನಿಸಲಿಲ್ಲ. ಕನ್ನಡ ಓದಿದ ಮೊದಲ ದಿನವೇ ಮೈಸೂರು ಕಡೆಯ ಒಬ್ಬರು, "ಸ್ವಲ್ಪ ಮೆತ್ತಗೆ ಸ್ವಾಮಿ, ಜಗಳಕ್ಕೆ ಬಂದ ಹಾಗಿದೆ," ಎಂದಿದ್ದರಲ್ಲ!

ಸೆನ್ಯೋರಾ ಓದಲಿಲ್ಲ, ಕಥೆ ಹೇಳತೊಡಗಿದರು. ನೀರು ಬಂತು, ಪೈರು ಎದ್ದಿತು ಎಂದು ಕೈ ತಿರುಗಿಸುತ್ತ ನನ್ನ ಮುಖ ನೋಡಿದರು.

"ಹೂಂ," ಎಂದೆ.

ಟೇಪು ನಿಂತಿತು. ಮತ್ತೆ ಮೊದಲಿನಿಂದ. ಪೈರು ಎದ್ದಿತು. "ಹೂಂ."

"ಯೇ ಹೂಂ ಕೌನ್ ಬೋಲಾ?" ಪಿಂಟೊ ಗಾಜಿನಾಚೆಯಿಂದ ಗದರಿಸಿದ. ಯಾರು ಅಂದದ್ದೆಂದು ಅವನಿಗೂ ಗೊತ್ತು.

ಹೇಗೆ ತಿಳಿಸಲಿ? ನಮ್ಮಲ್ಲಿ ಮಾತನಾಡುವವರಿಗೆ ಹೂಂಗುಟ್ಟದಿದ್ದರೆ ಅವಮಾನ. ಕುರುಗೋಡಿನ ನನ್ನ ದೊಡ್ಡವ್ವ ಎರಡು ಮಾತಿಗೆ ಹೂಂ ಬರದಿದ್ದರೆ ಕಥೆ ನಿಲ್ಲಿಸಿ, "ಅದೀಯೇನಲೇ, ಹೋದಿಯೇನು?" ಎಂದು ಕೇಳುವವಳು. ಮೂರನೇ ಸಲವೂ ಹೂಂ ಹೊರಬಿದ್ದಾಗ ಪಿಂಟೊ ಒಳಗೇ ಬಂದ. ಇನ್ನೊಂದು ಸಲ ಆದರೆ ಬೇರೆಯವರನ್ನು ಕೂರಿಸುವುದಾಗಿ ಮೆಲ್ಲಗೆ ಹೇಳಿದ. ಗದರಿದ್ದರೆ ವಾಸಿಯಿತ್ತು. ನಾನು ಕರವಸ್ತ್ರ ಬಾಯಿಗೆ ತುರುಕಿಕೊಂಡು, ನಮ್ಮೂರ ದಾರಿಯ ಗುಂತಕಲ್ಲಿಗೆ ಹೋಗುವ ರೈಲಿನ ಹೊತ್ತು ನೆನೆಯುತ್ತ ಕುಳಿತೆ.

ಈ ಸಲ ಸೆನ್ಯೋರಾ ಅವರ ದನಿಯೇ ಒಣಗಿತು. ಅರ್ಧಕ್ಕೆ ತಾವೇ ನಿಲ್ಲಿಸಿ, ಪಿಂಟೊನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವನು ತಲೆ ಕೆರೆದುಕೊಂಡು ನನಗೆ ತಿಳಿಸಿದ: "ಗೋಡೆಗೆ ಹೇಳಿದ ಹಾಗಾಗುತ್ತದಂತೆ. ಆ ಮನುಷ್ಯ ಕೇಳುತ್ತಿದ್ದನಲ್ಲ, ಅವನು ಎಲ್ಲಿ ಹೋದ ಅಂತ ಕೇಳ್ತಾರೆ."

ಕರವಸ್ತ್ರ ತೆಗೆದೆ. ಸದ್ದಿಲ್ಲದೆ ಹೂಂ ಅಂದೆ: ಹುಬ್ಬಿನಿಂದ, ಗದ್ದದಿಂದ, ಇಡೀ ಕತ್ತಿನಿಂದ. ಆಕೆ ಒಂದೇ ಉಸಿರಿಗೆ ಮುಗಿಸಿದರು. ಮುಂದೆ ಗುಜರಾತಿ, ಒರಿಯಾ, ತಮಿಳಿನವರೂ ನನ್ನನ್ನೇ ಎದುರಿಗೆ ಕೂರಿಸಿಕೊಳ್ಳತೊಡಗಿದರು. ಗೋಣು ಹಾಕುವುದರಿಂದಲೇ ನನ್ನ ಕೆಲಸ ಕಾಯಂ ಆಯಿತು. ಗಿರಿಜಾ ರೊಟ್ಟಿಯ ಹಂಚು ಹೊತ್ತುಕೊಂಡು ಬಂದಳು.

ಎರಡು ವರ್ಷದ ಮೇಲೆ ಕುರುಗೋಡಿಗೆ ಹೋದೆವು. ಕಣ್ಣು ಮಂಜಾದ ದೊಡ್ಡವ್ವ ನನ್ನ ಕೈ ಹಿಡಿದು ಊರ ಸುದ್ದಿ ಶುರುಮಾಡಿದಳು. ನಾನು ಮುಂಬಯಿಯೇ ಮೆಚ್ಚಿದ ಗೋಣನ್ನು ಧಾರಾಳವಾಗಿ ಹಾಕಿದೆ. ಅವಳು ಥಟ್ಟನೆ ನಿಲ್ಲಿಸಿದಳು.

"ಗಿರಿಜಾ, ಇವ ಎದ್ದು ಹ್ವಾದನೇನು?"

"ಇಲ್ಲೇ ಕುಂತಾರ್ರಿ ಅತ್ತಿ. ಗೋಣು ಹಾಕಾಕತ್ತಾರ."

"ಗೋಣು ಎತ್ತೂ ಹಾಕತೈತಿ. ಮನಷ್ಯಾ ಹೂಂ ಅಂತಾನ."

ಅಂದೆ. ತಡವಾಗಿ, ಅಳುಕುತ್ತ ಬಂತು. ಅವಳು ಕಿವಿಗೊಟ್ಟು ಕೇಳಿ, ಒಪ್ಪಿದಳೋ ಬಿಟ್ಟಳೋ, ಕಥೆ ಮುಂದುವರಿಸಿದಳು. ಆದರೆ ಅಂದು ಒಂದೊಂದು ಮಾತಿಗೂ ನಿಂತು, ನನ್ನ ಹೂಂ ಬರುವವರೆಗೆ ಕಾದಳು. ಎಂಟು ದಿನ ಹೀಗೇ ತಾಲೀಮು ನಡೆಯಿತು.

ಮುಂಬಯಿಗೆ ಮರಳಿದ ಸೋಮವಾರ, ಮರಾಠಿಯ ಮೊದಲ ಟೇಪೇ ನನ್ನ ಹೂಂನಿಂದ ಕೆಟ್ಟಿತು. ಪಿಂಟೊ ಗಾಜಿನಾಚೆಯಿಂದ ನಗುತ್ತ, "ಗಾಂವ್ ಜಾಕೆ ಆಯಾ ಕ್ಯಾ, ಮಾಸ್ಟರ್?" ಎಂದ. ಊರಿಗೆ ಹೋಗಿ ಬಂದೆಯಾ?

ನಾನು ಸದ್ದಿಲ್ಲದೆ ಗೋಣು ಹಾಕಿದೆ.