ಅಳಿಯ ಮುಟ್ಟಿದ ಗಾಯ

ನನ್ನ ಹೆಂಡತಿಯ ತಾಯಿ ತಮ್ಮ ಎದೆಯಲ್ಲಿದ್ದ ಗಂಟನ್ನು ಒಂದು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದರು. ಗಂಡು ಡಾಕ್ಟರ ಮುಂದೆ ರವಿಕೆ ಬಿಚ್ಚಬೇಕಾಗುತ್ತದಲ್ಲ ಎಂಬ ನಾಚಿಕೆ. ಗಂಟು ಒಡೆದು ಗಾಯವಾದಾಗಲೇ ನಮಗೆ ಗೊತ್ತಾದದ್ದು. ಆಸ್ಪತ್ರೆಯವರು ಆರು ತಿಂಗಳು ಔಷಧಿ ಕೊಟ್ಟು ನೋಡಿದರು. ಕಡೆಗೆ, "ಇದು ವಾಸಿಯಾಗಲ್ಲ. ನೋವಾಗದ ಹಾಗೆ ಮನೇಲೇ ನೋಡ್ಕೊಳ್ಳಿ" ಎಂದು ಕಳಿಸಿದರು.

ಬಾಗಲಗುಂಟೆಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ಏಳೂವರೆಗೆ ಹೋದರೆ ಬರುವುದು ಸಂಜೆಯೇ. ನಾನು ಪೀಣ್ಯದಲ್ಲಿ ಲೇತ್ ಮೆಷಿನ್ ನಡೆಸುವವನು. ಅತ್ತೆಗಾಗಿಯೇ ಸೆಕೆಂಡ್ ಶಿಫ್ಟ್ ಕೇಳಿ ಹಾಕಿಸಿಕೊಂಡಿದ್ದೆ. ಮಧ್ಯಾಹ್ನ ನಾನು ಹೊರಟ ಮೇಲೆ ಕೆಳಗಿನ ಮನೆಯ ಅಜ್ಜಿ ಆಗಾಗ ಹತ್ತಿ ಬಂದು ನೋಡುತ್ತಿದ್ದರು.

ವಾರಕ್ಕೊಮ್ಮೆ ಬರುತ್ತಿದ್ದ ನರ್ಸಮ್ಮ ಗಾಯಕ್ಕೆ ಬಟ್ಟೆ ಕಟ್ಟುವುದನ್ನು ನನ್ನ ಹೆಂಡತಿಗೆ ಕಲಿಸಿದ್ದರು. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಹಳೆಯ ಬಟ್ಟೆಯನ್ನು ನೆನೆಸಿ ಮೆಲ್ಲಗೆ ಬಿಡಿಸಬೇಕು, ವಾಸನೆಗೆ ಕೊಟ್ಟ ಮಾತ್ರೆಯನ್ನು ಪುಡಿ ಮಾಡಿ ಗಾಯದ ಮೇಲೆ ಉದುರಿಸಬೇಕು. ಅವಳು ಬೆಳಿಗ್ಗೆ ಕಟ್ಟಿ ಹೋಗುತ್ತಿದ್ದಳು. ಹತ್ತು ಗಂಟೆಗೆಲ್ಲ ಅದು ಒದ್ದೆ. ಅತ್ತೆ ಮಾತ್ರ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಡುವರು.

ಒಂದು ದಿನ ಅವರ ಸೆರಗಿನ ಮೇಲೆ ನೊಣ ಕೂತದ್ದು ನೋಡಿದೆ. ತಡೆಯಲಾಗಲಿಲ್ಲ.

"ಅತ್ತೆ, ನಾನೇ ಬಟ್ಟೆ ಬದಲಾಯಿಸ್ಲಾ?"

"ಬ್ಯಾಡ ಬುಡಿ ಅಳಿಯಂದ್ರೆ. ಸಂಜೀಕೆ ಅವ್ಳು ಬತ್ತಾಳೆ."

"ಅಲ್ಲೀವರ್ಗೂ ಹಿಂಗೇ ಇರ್ತೀರಾ?"

ಅವರು ಗೋಡೆ ಕಡೆಯಿಂದ ಮೆಲ್ಲಗೆ ಇತ್ತ ಹೊರಳಿದರು. ಆಮೇಲೆ, "ಬಾಗ್ಲು ಹಾಕ್ಕಂಡ್ ಬಾರಪ್ಪ" ಎಂದು ಟವೆಲನ್ನು ಮುಖದ ಮೇಲೆ ಹಾಕಿಕೊಂಡರು. ನಾನು ಗ್ಲೌಸ್ ಹಾಕಿಕೊಂಡು ಹಳೆಯ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸಿದೆ. ಟವೆಲಿನ ಅಡಿಯಲ್ಲಿ ಅವರು ಅಳುತ್ತಿದ್ದರು, ನೋವಿಗಲ್ಲ ಎಂದು ನನಗೆ ಗೊತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಟವೆಲ್ ಬೇಡವಾಯಿತು. ನಾನು ಕಟ್ಟುತ್ತಿದ್ದರೆ ಅವರು ಹುರುಳಿ ಸಾರಿಗೆ ಒಗ್ಗರಣೆ ಹೇಗೆ ಹಾಕಬೇಕೆಂದು ನನಗೆ ಪಾಠ ಹೇಳುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಅತ್ತಿಬೆಲೆಯಿಂದ ಹೆಂಡತಿಯ ಅಣ್ಣ ಬಂದರು, ಜೊತೆಗೆ ಅವರ ಹೆಂಡತಿ. ಸ್ವಂತ ಮನೆಯಿದ್ದೂ ಕಾಯಿಲೆ ಗೊತ್ತಾದಾಗಿನಿಂದ ತಾಯಿಯನ್ನು ಒಂದು ವಾರವೂ ಕರೆದುಕೊಂಡು ಹೋಗಿ ಇಟ್ಟುಕೊಂಡವರಲ್ಲ. ನಾನು ಗ್ಲೌಸ್ ಹಾಕಿದ ಕೈಯಲ್ಲೇ ಬಾಗಿಲು ತೆಗೆದೆ. ಒಳಗಿನ ಮಂಚ, ಬೇಸಿನ್, ಬಟ್ಟೆ ಎಲ್ಲ ನೋಡಿ ಭಾವನ ಮುಖ ಕೆಂಪಾಯಿತು. ಅವರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು.

"ಏನ್ರೀ ಇದು? ಗಂಡಸು ನೀವು! ಅತ್ತೆ ಮೈ ಮುಟ್ತೀರಲ್ಲ, ನಾಕು ಜನ ಏನಂತಾರೆ?" ಎಂದು ಭಾವ ರೇಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಸರಿ ಭಾವ, ನಿಮ್ಮ ಮನೆಯವ್ರನ್ನ ಇಲ್ಲೇ ಬಿಟ್ಟೋಗಿ. ಬೆಳಗ್ಗೆ ಹೊತ್ತು ಅವ್ರೇ ಮಾಡ್ಲಿ" ಎಂದೆ.

"ಅವಳಿಗೆ ಇದೆಲ್ಲ ನೋಡಿದ್ರೆ ತಲೆ ಸುತ್ತು ಬರುತ್ತೆ."

"ಹಂಗಾದ್ರೆ ನೀವೇ ಬನ್ನಿ."

ಅವರು ಬಾಯಿ ತೆರೆಯುವ ಮೊದಲೇ ಮಂಚದಿಂದ ಅತ್ತೆಯ ದನಿ ಬಂತು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿ ತಿಂಗಳುಗಳಾಗಿತ್ತು.

"ನೀನು ಹಾಲು ಕುಡ್ದ ಎದೆ ಕಣ್ಲಾ ಇದು. ಬಾ, ನೀನು ತೊಳಿ. ಆಗ ಅಳಿಯನ್ನ ಬ್ಯಾಡ ಅಂತೀನಿ."

ಭಾವ ಜೇಬಿನಿಂದ ಫೋನ್ ತೆಗೆದು, ಹೊಸೂರು ರೋಡಲ್ಲಿ ಟ್ರಾಫಿಕ್ ಜಾಸ್ತಿಯಾಗುತ್ತೆ ಎಂದರು. ತಂದಿದ್ದ ಸೇಬಿನ ಕವರನ್ನು ಹೊಸಿಲ ಬಳಿ ಇಟ್ಟು ಹೊರಟೇಬಿಟ್ಟರು. ಗಂಜಿಯನ್ನೇ ಕಷ್ಟಪಟ್ಟು ನುಂಗುತ್ತಿದ್ದ ಅತ್ತೆ ಸೇಬು ಕಚ್ಚುವ ಸ್ಥಿತಿಯಲ್ಲಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಮರೆಯುತ್ತಿದ್ದೆನೇನೋ. ವಾರದೊಳಗೆ ನೆಂಟರಿಗೆಲ್ಲ ಸುದ್ದಿ ಮುಟ್ಟಿತ್ತು. ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿದ್ದ ನನ್ನ ಹೆಂಡತಿಗೆ ಅವಳ ಚಿಕ್ಕಮ್ಮ ಫೋನ್ ಮಾಡಿ, "ನಿನ್ ಗಂಡಂಗೆ ಒಸಿ ಬುದ್ಧಿ ಹೇಳು" ಎಂದಿದ್ದರಂತೆ. ಆ ಚಿಕ್ಕಮ್ಮ ಇರುವುದು ಪಕ್ಕದ ಲಗ್ಗೆರೆಯಲ್ಲಿ. ನೋಡಲು ಒಂದು ದಿನವೂ ಬಂದಿರಲಿಲ್ಲ.

"ನೀನೇನಂದೆ?" ಎಂದು ಕೇಳಿದೆ.

"ಬೆಳಗ್ಗೆ ಹತ್ತು ಗಂಟೆಗೆ ಬಂದ್ಬಿಡು ಚಿಕ್ಕಮ್ಮ, ಗ್ಲೌಸ್ ತೆಗೆದಿಟ್ಟಿರ್ತೀನಿ ಅಂದೆ. ಫೋನ್ ಇಟ್ಬಿಟ್ರು" ಎಂದಳು. ಹೇಳುತ್ತ ನಗಲು ಹೋಗಿ ಅತ್ತಳು.

ನನ್ನ ಸಿಟ್ಟು ಅವರೊಬ್ಬೊಬ್ಬರ ಮೇಲಷ್ಟೇ ಅಲ್ಲ. ಅತ್ತೆಯ ಬಾಯಿ ಒಂದು ವರ್ಷ ಮುಚ್ಚಿಸಿದ್ದು ಈ ನಾಚಿಕೆಯೇ. ಅದು ಸಾಲದು ಎಂಬಂತೆ, ಸಾಯುವಾಗಲೂ ಅವರು ಒದ್ದೆ ಬಟ್ಟೆಯಲ್ಲೇ ಮರ್ಯಾದೆಯಿಂದ ಮಲಗಿರಬೇಕಿತ್ತು ಇವರಿಗೆ.

ಅತ್ತೆ ಇನ್ನೂ ಏಳು ವಾರ ಬದುಕಿದ್ದರು. ಒಂದು ಭಾನುವಾರ ಬೆಳಿಗ್ಗೆ, ಮಗಳು ಅವರ ತಲೆ ಬಾಚುತ್ತಿದ್ದಾಗ ಹೋದರು. ಭಾವ ಹೆಣವನ್ನು ಅತ್ತಿಬೆಲೆಗೆ ಒಯ್ದರು. ಬದುಕಿದ್ದಾಗ ಇಲ್ಲದ ಜಾಗ ಆಗ ಆ ಮನೆಯಲ್ಲಿ ಹುಟ್ಟಿತು.

ತಿಥಿಯ ದಿನ ಅವರ ಗೇಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅತ್ತೆಯ ಹಳೆಯ ಫೋಟೋ, ಕೆಳಗೆ ಕೈಮುಗಿದು ನಿಂತ ಭಾವನ ಫೋಟೋ. ಬಂದವರೆಲ್ಲ, "ತಾಯಿನ ಚೆನ್ನಾಗಿ ನೋಡ್ಕೊಂಡ್ರಿ ಬಿಡಿ" ಎನ್ನುತ್ತಿದ್ದರು. ಭಾವ ಹೌದೆಂಬಂತೆ ತಲೆಯಾಡಿಸುತ್ತಿದ್ದರು. ಒಮ್ಮೆಯಾದರೂ ನಮ್ಮ ಕಡೆ ನೋಡುತ್ತಾರೇನೋ ಎಂದು ಕಾದೆ.

ಎಲೆ ಹಾಕುವ ಹೊತ್ತಿಗೆ ನನ್ನ ಹೆಂಡತಿ ಎದ್ದು ನಿಂತಳು. "ನಡೀರಿ, ಹೋಗೋಣ."

"ಊಟ ಮಾಡ್ಕೊಂಡು ಹೋಗ್ರಮ್ಮ" ಎಂದು ಯಾರೋ ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಸಾವಿನ ಮನೆಯ ಊಟ ಬಿಟ್ಟು ಹೋಗಬಾರದೆಂದು ನನಗೂ ಗೊತ್ತು. ಆದರೂ ಅವಳ ಹಿಂದೆಯೇ ಚಪ್ಪಲಿ ಮೆಟ್ಟಿದೆ.

ಈಗಲೂ ಹಬ್ಬಕ್ಕೆ ಅವಳ ಅಣ್ಣನ ಫೋನ್ ಬರುತ್ತದೆ. ಅವಳು ಎತ್ತುವುದಿಲ್ಲ. ಎತ್ತು ಎಂದು ನಾನೂ ಹೇಳುವುದಿಲ್ಲ.